ಒಸಾಕಾದಲ್ಲಿ ಒಬ್ಬರೇ, ಒಂದೇ ದಿನ, ನಡೆದೇ ನೋಡಬೇಕೆಂದರೆ ದಾರಿ ಹೇಗಿರಬೇಕು?

ಒಂದೇ ದಿನ ಇದೆ, ಜೊತೆಗೆ ಯಾರೂ ಇಲ್ಲ, ಸಸ್ಯಾಹಾರಿ, ಆದಷ್ಟು ನಡೆದೇ ನೋಡಬೇಕು ಎಂದು ಕೇಳಿದ್ದೀರಿ. ಬೆಳಿಗ್ಗೆ ಕೋಟೆಯಿಂದ ಹೊರಟು ದಕ್ಷಿಣಕ್ಕೆ ಶಿತೆನ್ನೋಜಿ ದೇವಾಲಯ, ಅಲ್ಲಿಂದ ಪಶ್ಚಿಮಕ್ಕೆ ಇಳಿದರೆ ಹಳೆಯ ಮೋಜಿನ ಪೇಟೆ ಶಿನ್‌ಸೆಕಾಯ್, ಕತ್ತಲಾಗುವಾಗ ಉತ್ತರಕ್ಕೆ ತಿರುಗಿ ಬಣ್ಣದ ದೀಪಗಳ ಕಾಲುವೆ ಬೀದಿ ದೋತೊನ್‌ಬೋರಿ. ಅಡ್ಡಾಡುವುದೂ ಸೇರಿ 11-12 ಕಿ.ಮೀ. ಆಗುತ್ತದೆ. ಹೆಚ್ಚಿನವರು ದೋತೊನ್‌ಬೋರಿಯಿಂದ ಶುರುಮಾಡಿ ಕೆಡಿಸಿಕೊಳ್ಳುತ್ತಾರೆ. ಬೆಳಿಗ್ಗೆ ಅಲ್ಲಿ ದೀಪವಿಲ್ಲ, ಅರ್ಧ ಅಂಗಡಿಗೆ ಬಾಗಿಲು. ಆಮೇಲೆ ದೇವಾಲಯ ತಲುಪುವಷ್ಟರಲ್ಲಿ ಒಳಪ್ರಾಂಗಣ ಮುಚ್ಚಿರುತ್ತದೆ. ಸಂಜೆ ನಾಲ್ಕೂವರೆ, ಅಕ್ಟೋಬರಿನಿಂದ ಮಾರ್ಚಿವರೆಗೆ ನಾಲ್ಕಕ್ಕೇ.

ಈ ದಾರಿಯ ದೊಡ್ಡ ಅನುಕೂಲ ಇನ್ನೊಂದು. ಒಸಾಕಾ ಬಹುಪಾಲು ಸಪಾಟು ನೆಲ, ಆದರೆ ಕೋಟೆಯಿಂದ ದಕ್ಷಿಣಕ್ಕೆ ಉದ್ದಕ್ಕೂ ಉಎಮಾಚಿ ಎಂಬ ದಿಣ್ಣೆ ಇದೆ. ಅದರ ಮೇಲೆ ತನಿಮಾಚಿ-ಸುಜಿ ರಸ್ತೆ, ರಸ್ತೆಯಡಿ ಅದೇ ಹೆಸರಿನ ಮೆಟ್ರೊ. ಕಾಲು ಸೋತರೆ, ಮಳೆ ಹಿಡಿದರೆ ಹತ್ತಿರದ ನಿಲ್ದಾಣಕ್ಕಿಳಿದು ಮುಂದಿನದಕ್ಕೆ ಹೋಗಬಹುದು.

ತನಿಮಾಚಿ 4-ಚೋಮೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಒತೆಮೊನ್ ಬಾಗಿಲಿಂದ ಕೋಟೆ ಹೊಕ್ಕಿ. ಗೋಪುರ 9ಕ್ಕೆ ತೆರೆಯುತ್ತದೆ. ಅದು 1931ರ ಕಾಂಕ್ರೀಟು ಕಟ್ಟಡ, ಒಳಗೆ ಲಿಫ್ಟು, ಮ್ಯೂಸಿಯಂ. ಸರದಿ ಉದ್ದವಿದ್ದರೆ ಧಾರಾಳವಾಗಿ ಬಿಡಿ. ನಿಜವಾಗಿ ಹಳೆಯದು ಕಲ್ಲಿನ ಗೋಡೆಗಳು. 1615ರಲ್ಲಿ ತೊಯೊತೊಮಿ ವಂಶದ ಕೋಟೆ ಬಿದ್ದಮೇಲೆ, 1620ರ ದಶಕದಲ್ಲಿ ತೊಕುಗಾವಾ ದೊರೆಗಳು ಕಟ್ಟಿಸಿದವು. ಸಕುರಾಮೊನ್ ಬಾಗಿಲ ಒಳಗೆ ಎದುರಿಗೇ ಕಾಣುವ ತಾಕೊ-ಇಶಿ ಎಂಬ ಒಂದೇ ಬಂಡೆಯ ಮುಖ 59 ಚದರ ಮೀಟರು, ತೂಕ ಅಂದಾಜು 108 ಟನ್. ಇದನ್ನು ನೋಡಲು ಟಿಕೆಟು ಬೇಡ.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ತನಿಮಾಚಿ 6-ಚೋಮೆ ಹತ್ತಿರ ಕರಾಹೊರಿ ಬೀದಿ. 1945ರ ಬಾಂಬ್ ದಾಳಿಯಲ್ಲಿ ಉಳಿದ ಮರದ ಸಾಲುಮನೆಗಳು ಅಕ್ಕಪಕ್ಕದ ಓಣಿಗಳಲ್ಲಿವೆ. ತನಿಮಾಚಿ 9-ಚೋಮೆ ದಾಟಿದಮೇಲೆ ಮುಖ್ಯರಸ್ತೆ ಬಿಟ್ಟು ಪಶ್ಚಿಮದ ಅಂಚಿಗೆ ಸರಿಯಿರಿ. ದಿಣ್ಣೆಯಿಂದ ಕೆಳಗಿಳಿಯುವ ಏಳು ಇಳಿಜಾರು ದಾರಿಗಳು ಇಲ್ಲಿ ಸಾಲಾಗಿವೆ. ಗೆನ್‌ಶೋಜಿ-ಜಾಕಾದಲ್ಲಿ ಇಳಿದು, ಮುಂದಿನ ಕುಚಿನಾವಾ-ಜಾಕಾದ ಕಲ್ಲು ಮೆಟ್ಟಿಲಲ್ಲಿ ಹತ್ತಿ. ಇಡೀ ದಿನದಲ್ಲಿ ನನಗೆ ಹೆಚ್ಚು ಬೆಲೆಯ ತುಣುಕು ಇದೇ. ಜನಜಂಗುಳಿ ಇಲ್ಲ, ಎರಡೂ ಕಡೆ ದೇವಾಲಯಗಳ ಗೋಡೆ.

ಶಿತೆನ್ನೋಜಿಯನ್ನು 593ರಲ್ಲಿ ಶೋತೊಕು ರಾಜಕುಮಾರ ಸ್ಥಾಪಿಸಿದ್ದೆಂದು ಹೇಳುತ್ತಾರೆ. ಈಗಿನ ಮುಖ್ಯ ಕಟ್ಟಡಗಳು ಯುದ್ಧಾನಂತರದವು. ಪ್ರತಿ ತಿಂಗಳ 21, 22ರಂದು ಅಂಗಳದಲ್ಲಿ ಹಳೆ ಸಾಮಾನಿನ ಸಂತೆ. ಆ ದಿನ ಸಿಕ್ಕಿದರೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಊಟದ ವಿಷಯ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು, ಮೀನಿನಿಂದ ತೆಗೆದ ದಾಶಿ ಸಾರನ್ನು ಅನೇಕರು ಮಾಂಸಾಹಾರ ಎಂದು ಎಣಿಸುವುದಿಲ್ಲ. ಉದೊನ್ (ದಪ್ಪ ನೂಡಲ್ಸ್) ಸಾರು, ಬೇಯಿಸಿದ ತರಕಾರಿ, ಮಿಸೊ ಸೂಪು ಎಲ್ಲದರಲ್ಲೂ ಸಾಮಾನ್ಯವಾಗಿ ಅದಿರುತ್ತದೆ. "ನಿಕು, ಸಕಾನಾ, ದಾಶಿ, ದಾಮೆ ದೆಸು" ಎಂದರೆ ಮಾಂಸ, ಮೀನು, ದಾಶಿ ಬೇಡವೆಂದು ಅರ್ಥವಾಗುತ್ತದೆ. ಕನ್ವೀನಿಯನ್ಸ್ ಅಂಗಡಿಯ ಒನಿಗಿರಿ ಎಂಬ ಅನ್ನದ ಉಂಡೆಗಳಲ್ಲಿ ಉಮೆ ಹುಳಿಹಣ್ಣಿನದು ಸುರಕ್ಷಿತ ಅನ್ನಿಸುತ್ತದೆ, ಆದರೆ ಹಲವುದರಲ್ಲಿ ಮೀನಿನ ಸತ್ವ ಬೆರೆತಿರುತ್ತದೆ. ಲೇಬಲ್ಲಿಗೆ ಫೋನಿನ ಅನುವಾದ ಕ್ಯಾಮೆರಾ ಹಿಡಿದೇ ಕೊಳ್ಳಿ. ಶಿನ್‌ಸೆಕಾಯ್‌ನ ಕುಶಿಕಾತ್ಸು (ಕಡ್ಡಿಗೆ ಚುಚ್ಚಿ ಹಿಟ್ಟಿನಲ್ಲಿ ಕರಿದ ತಿಂಡಿ) ಕಡ್ಡಿಗಳಲ್ಲಿ ತಾವರೆ ದಂಟಿನದೂ ಇರುತ್ತದೆ, ಆದರೆ ಹಿಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆ, ಕರಿಯುವುದೂ ಮಾಂಸ ಕರಿದ ಎಣ್ಣೆಯಲ್ಲೇ. ಮಡಿ ನೋಡುವವರಿಗಲ್ಲ.

ಶಿನ್‌ಸೆಕಾಯ್‌ನ ತ್ಸೂತೆನ್‌ಕಾಕು ಗೋಪುರವನ್ನು (1956) ಕೆಳಗಿಂದಲೇ ನೋಡಿದರೆ ಸಾಕು. ಉತ್ತರಕ್ಕೆ ನಿಪ್ಪೊನ್‌ಬಾಶಿಯ ಎಲೆಕ್ಟ್ರಾನಿಕ್ಸ್, ಅನಿಮೆ ಅಂಗಡಿಗಳ ಮೂಲಕ ದೋತೊನ್‌ಬೋರಿ ಸುಮಾರು 2 ಕಿ.ಮೀ. ಡಿಸೆಂಬರಿನಲ್ಲಿ ಐದರೊಳಗೇ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ಏಳೂಕಾಲು. ಅದಕ್ಕೆ ತಕ್ಕಂತೆ ಹೊರಡಿ. ದೋತೊನ್‌ಬೋರಿ ಕಾಲುವೆಯ ಮೇಲಿನ ಎಬಿಸು ಸೇತುವೆಯ ನೂಕುನುಗ್ಗಲು ಸಾಕೆನಿಸಿದರೆ ಹಿಂಬದಿಯ ಹೋಜೆಂಜಿ ಓಣಿಗೆ ನುಸುಳಿ. ಅಲ್ಲಿ ಭಕ್ತರು ನೀರು ಸುರಿದೂ ಸುರಿದೂ ಪಾಚಿಗಟ್ಟಿದ ಫುದೊ ಎಂಬ ಬೌದ್ಧ ದೇವತೆಯ ಮೂರ್ತಿಯಿದೆ, ನೀವೂ ಸುರಿಯಬಹುದು.

ಕಿರಿಕಿರಿ ತಪ್ಪಿಸಲು ಇಷ್ಟು: ದೊಡ್ಡ ಸೂಟ್‌ಕೇಸನ್ನು ಹೋಟೆಲಲ್ಲೇ ಬಿಡಿ, ದೋತೊನ್‌ಬೋರಿ ಪಕ್ಕದ ನಂಬಾ ನಿಲ್ದಾಣದ ದೊಡ್ಡ ಲಾಕರುಗಳು ಬೇಗ ತುಂಬುತ್ತವೆ. ಕಸಕ್ಕೊಂದು ಚೀಲ ಇರಲಿ, ಬೀದಿಯಲ್ಲಿ ಡಬ್ಬಿ ಸಿಗುವುದು ಅಪರೂಪ. ಫುಟ್‌ಪಾತಿನಲ್ಲಿ ಸೈಕಲ್ಲುಗಳು ಬರುತ್ತವೆ, ತಿರುಗಿ ನೋಡದೆ ಪಕ್ಕಕ್ಕೆ ಸರಿಯಬೇಡಿ. ಎಸ್ಕಲೇಟರಿನಲ್ಲಿ ಇಲ್ಲಿನವರು ಬಲಕ್ಕೆ ನಿಲ್ಲುತ್ತಾರೆ, ಟೋಕಿಯೊದಲ್ಲಿ ಎಡಕ್ಕೆ. ನಗರದ ಉತ್ತರದ ಉಮೆದಾ ಕಡೆ ತಂಗಿದ್ದರೆ ನಂಬಾದಿಂದ ಮಿದೊಸುಜಿ ಮೆಟ್ರೊ ನೇರ ಒಯ್ಯುತ್ತದೆ. ಮಧ್ಯರಾತ್ರಿಯ ಆಸುಪಾಸಿಗೆ ಕೊನೆಯ ರೈಲು, ಆಮೇಲೆ ಟ್ಯಾಕ್ಸಿಯೇ ಗತಿ.