ಬೈಟ್ ಸಿಕ್ತು, ಉತ್ತರ ಸಿಗಲಿಲ್ಲ

ಮದ್ದೂರಿನ ಓದುಗರೊಬ್ಬರು, ನಿವೃತ್ತ ಮೇಷ್ಟ್ರು, ಬರೆದಿದ್ದಾರೆ: "ನಮ್ಮ ನಾಯಕರು ದಿನಕ್ಕೆ ಮೂರು ಸಲ ಟಿ.ವಿ.ಯಲ್ಲಿ ಮಾತಾಡ್ತಾರೆ. ನಾಲೆಗೆ ನೀರು ಯಾವತ್ತು ಅನ್ನೋದು ಮಾತ್ರ ಗೊತ್ತಾಗಲಿಲ್ಲ. ನಿಮ್ಮ ವರದಿಗಾರರು ಮೈಕು ಹಿಡಿದು ಮಾಡೋದೇನು? ಇಂಥವರನ್ನು ಬಹಿಷ್ಕರಿಸಬಾರದೇಕೆ?"

ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ನಾಯಕರು ನಿಂತಿರುತ್ತಾರೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಹೊರಗೋ, ಮದುವೆ ಛತ್ರದ ಮೆಟ್ಟಿಲ ಮೇಲೋ, ಕಾರಿನ ಬಾಗಿಲು ಹಿಡಿದೋ. ಗದ್ದಕ್ಕೆ ತಾಗುವಷ್ಟು ಹತ್ತಿರ ಹತ್ತು ಚಾನೆಲ್‌ಗಳ ಲೋಗೋ ಹೊತ್ತ ಮೈಕು. ಒಬ್ಬ ವರದಿಗಾರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಗ್ಗೆ ಕೇಳುತ್ತಾನೆ, ಇನ್ನೊಬ್ಬ ಎದುರು ಪಕ್ಷದವರ ನಿನ್ನೆಯ ಹೇಳಿಕೆ ಬಗ್ಗೆ. ನಾಯಕರಿಗೆ ಎರಡನೆಯದು ಮಾತ್ರ ಕೇಳಿಸುತ್ತದೆ. ನಲವತ್ತು ಸೆಕೆಂಡ್ ಬೈದು ಕಾರು ಹತ್ತಿದರೆ ರಾತ್ರಿವರೆಗೆ ಅದೇ ಸುದ್ದಿ. ನಾಲೆ ಬಗ್ಗೆ ಕೇಳಿದ ಹುಡುಗನಿಗೆ ಡೆಸ್ಕಿನಿಂದ ಫೋನ್ ಬರುವುದು "ಬೈಟ್ ಸಿಕ್ತಾ?" ಅಂತ. ಬೈಟ್ ಅಂದರೆ ಟಿ.ವಿ.ಯಲ್ಲಿ ಓಡಿಸುವ ತುಂಡು ಮಾತು. ಉತ್ತರ ಸಿಕ್ತಾ ಅಂತ ಯಾರೂ ಕೇಳುವುದಿಲ್ಲ.

ಕುರ್ಚಿ ಹಾಕಿ ಕೂತ ಪತ್ರಿಕಾಗೋಷ್ಠಿಯ ಗತ್ತೇ ಬೇರೆ. ನಾನು ವರದಿಗಾರನಾಗಿದ್ದಾಗ ಮೈಸೂರಿನಲ್ಲಿ ಮಂತ್ರಿಯೊಬ್ಬರು ಕೆರೆ ಹೂಳೆತ್ತಿದ ಲೆಕ್ಕ ಓದಿದರು. ಹಿರಿಯ ವರದಿಗಾರರೊಬ್ಬರು ಕಾಫಿ ಲೋಟ ಕೆಳಗಿಟ್ಟು, "ಸ್ವಾಮಿ, ಹೋದ ವರ್ಷವೂ ಇದೇ ಕೆರೆ ಹೆಸರು ಹೇಳಿದ್ರಿ" ಅಂದರು. ಮಂತ್ರಿ ಇಂಜಿನಿಯರ್ ಮುಖ ನೋಡಿದರು, ಇಂಜಿನಿಯರ್ ಫೈಲ್ ನೋಡಿದರು. ಎದ್ದು ಹೋಗುವಂತಿಲ್ಲ, ಉಪ್ಪಿಟ್ಟು ಇನ್ನೂ ಬಂದಿರಲಿಲ್ಲ. ಎರಡನೇ ಪ್ರಶ್ನೆಗೆ ಜಾಗ ಇರುವುದು ಹಾಗೆ ಕೂತಾಗ. ಜಾಣ ನಾಯಕ ಅದಕ್ಕೇ ಕೂರುವುದಿಲ್ಲ.

ಹಿಂದಿನವರಿಗೆ ಇಷ್ಟು ಜಾಣತನ ಬೇಕಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ದಿವಾನ್ ವಿ.ಪಿ. ಮಾಧವರಾಯರ ಸರ್ಕಾರ ಪತ್ರಿಕೆಗಳ ಮೇಲೆ ಕಾನೂನನ್ನೇ ತಂದಿತು; ಮೈಸೂರಿನ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರಂಥ ಪತ್ರಕರ್ತರು ಅದರ ಏಟು ತಿಂದರು. 1975ರಲ್ಲಿ ತುರ್ತು ಪರಿಸ್ಥಿತಿಯ ಸೆನ್ಸಾರ್ ಬಂತು. ಬಾಯಿ ಮುಚ್ಚಿಸಿದವರು ಯಾರೆಂದು ಆಗ ಓದುಗನಿಗೂ ಕಾಣುತ್ತಿತ್ತು. ದೆಹಲಿಯಲ್ಲಿ ಮನಮೋಹನ್ ಸಿಂಗ್ 2014ರ ಜನವರಿ 3ರಂದು ಕೂತು ಪ್ರಶ್ನೆ ತೆಗೆದುಕೊಂಡರು. 2019ರ ಮೇ 17ರಂದು ಪಕ್ಷದ ಗೋಷ್ಠಿಯಲ್ಲಿ ಮೋದಿಯವರೂ ಕೂತರು, ಆದರೆ ಪ್ರಶ್ನೆಗಳಿಗೆ ಉತ್ತರಿಸಿದ್ದು ಅಮಿತ್ ಶಾ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಬಿಜೆಪಿ ಆಡಳಿತದಲ್ಲಿ, ನಮ್ಮ ವಿಧಾನಸಭೆಯೊಳಗೆ ಖಾಸಗಿ ಚಾನೆಲ್‌ಗಳ ಕ್ಯಾಮೆರಾ ಬೇಡವೆಂದು ಆದೇಶವಾಯಿತು. ಕಾಂಗ್ರೆಸ್‌ನವರು ಬೀಗಬೇಕಿಲ್ಲ, ಅವರ ಆಡಳಿತವಿದ್ದ 2017ರಲ್ಲಿ ಇದೇ ಸದನ ಹಕ್ಕುಚ್ಯುತಿಯ (ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ) ಹೆಸರಲ್ಲಿ ಇಬ್ಬರು ಪತ್ರಕರ್ತರಿಗೆ ಒಂದು ವರ್ಷ ಜೈಲು ಎಂದಿತ್ತು.

ಬಹಿಷ್ಕಾರದ ಮಾತಿಗೆ ಬರೋಣ. ನಾವು ಹೋಗದಿದ್ದರೆ ಅವರ ಹುಡುಗರೇ ಮೊಬೈಲಲ್ಲಿ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ, ಸಂಜೆ ಚಾನೆಲ್‌ಗಳು ಅದನ್ನೇ ಓಡಿಸುತ್ತವೆ. ಆಗ ನಾಲೆ ಬಗ್ಗೆ ಕೇಳುವ ಆ ಒಬ್ಬ ಹುಡುಗನೂ ಅಲ್ಲಿರುವುದಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಬ್ಬ ನಾಯಕರ ಬಗ್ಗೆ ಖಾರವಾಗಿ ಬರೆದ ಮಾರನೇ ಬೆಳಿಗ್ಗೆ ಅವರ ಪಿ.ಎ. ಫೋನ್ ಮಾಡಿದರು: "ಸಾಹೇಬ್ರು ಒಸಿ ಬೇಜಾರಾಗವ್ರೆ ಕಣ್ಸಾ, ಅಷ್ಟೇಯ." ಬೆದರಿಕೆಯೇನಲ್ಲ, ದನಿಯಲ್ಲಿ ಪ್ರೀತಿಯೇ ಇತ್ತು. ಆ ವರ್ಷ ಅವರ ಹುಟ್ಟುಹಬ್ಬದ ಜಾಹೀರಾತು ಬರಲಿಲ್ಲ. ಮುಂದಿನ ಲೇಖನದಲ್ಲಿ ಒಂದು ಪ್ಯಾರಾ ಹೊಡೆದುಹಾಕಿದವನು ನಾನೇ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ.

ನಿಮ್ಮ ನಾಲೆ ಪ್ರಶ್ನೆಯನ್ನು ನಾಯಕರ ಕಚೇರಿಗೂ ನೀರಾವರಿ ಅಧಿಕಾರಿಗಳಿಗೂ ಬರಹದಲ್ಲಿ ಕಳಿಸಿದ್ದೇವೆ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಪ್ರಶ್ನೆಯನ್ನೇ, ಕಳಿಸಿದ ತಾರೀಖಿನ ಸಮೇತ. ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ: ನಿಮ್ಮೂರ ಕೊನೇ ತೂಬಿಗೆ ಕಡೇ ಸಲ ನೀರು ಬಂದದ್ದು ಯಾವತ್ತು ಅಂತ ಬರೆದು ಕಳಿಸಿ, ಅದನ್ನೂ ಪಕ್ಕದಲ್ಲೇ ಹಾಕುತ್ತೇವೆ.

— ಸಂಪಾದಕ