2025ರಲ್ಲಿ ಹಾಸನ ಜಿಲ್ಲೇಲಿ ಆದ ದಿಢೀರ್ ಸಾವುಗಳಿಗೆ ಕೋವಿಡ್ ಲಸಿಕೆ ಕಾರಣ ಅಲ್ಲ ಅಂತ ಸರ್ಕಾರದ್ದೇ ಸಮಿತಿ ಹೇಳಿದ್ರೆ ನಂಬೋದು ಹೆಂಗೆ?

ನೀವ್ ಕೇಳಿರೋದ್ರಲ್ಲಿ ನ್ಯಾಯ ಇದೆ. ಲಸಿಕೆ ಹಾಕಿದ್ದೂ ಅವರೇ, ತನಿಖೆ ಮಾಡಿದ್ದೂ ಅವರೇ, ಏನೂ ಇಲ್ಲ ಅಂದಿದ್ದೂ ಅವರೇ, ಹಂಗಿದ್ಮೇಲೆ ಅನುಮಾನ ಬರ್ದೆ ಇರುತ್ತಾ? ನಂದು ಗುಬ್ಬೀಲಿ ಮೆಡಿಕಲ್ ಸ್ಟೋರ್, 2025ರ ಜುಲೈನಲ್ಲಿ ಬಿಪಿ ಮಾತ್ರೆಗೆ ಬಂದೋರೆಲ್ಲ, ಎರಡೂ ಡೋಸ್ ಕೋವಿಶೀಲ್ಡ್ ಹಾಕ್ಸ್ಕೊಂಡಿದೀನಿ, ನಂಗೂ ಏನಾದ್ರೂ ಆಗುತ್ತಾ ಅಂತ ಕೇಳೋರು. ಪಾಪ, ಭಯ ಬಿದ್ದಿದ್ರು.

ನಾನು ಸಮಿತಿ ಮಾತನ್ನ ಒಪ್ತೀನಿ. ಸರ್ಕಾರ ಹೇಳ್ತು ಅಂತಲ್ಲ, ಲೆಕ್ಕ ಹೆಂಗೆ ಹಾಕಿದಾರೆ ಅನ್ನೋದು ನೋಡಿ. ನಮ್ ಕಡೆ ದೊಡ್ಡೋರು ಹೆಚ್ಚುಕಮ್ಮಿ ಎಲ್ರೂ ಲಸಿಕೆ ಹಾಕ್ಸ್ಕೊಂಡಿದಾರೆ, ಹಂಗಾಗಿ ಯಾರ್ ತೀರ್ಕೊಂಡ್ರೂ ಅವ್ರು ಹಾಕ್ಸ್ಕೊಂಡಿದ್ರು ಅನ್ನೋದು ನಿಜಾನೇ ಆಗಿರುತ್ತೆ, ಅದ್ರಿಂದ ಏನೂ ಗೊತ್ತಾಗಲ್ಲ. ಇದನ್ನೇ ದೇಶದ ಮಟ್ಟದಲ್ಲಿ ನೋಡಿದ ಐಸಿಎಂಆರ್‌ನೋರು, ಅಂದ್ರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯೋರು, ಏನ್ ಮಾಡಿದ್ರು ಅಂದ್ರೆ, 18ರಿಂದ 45 ವಯಸ್ಸಲ್ಲಿ ಕಾರಣ ಗೊತ್ತಿಲ್ದೆ ದಿಢೀರ್ ತೀರ್ಕೊಂಡ 729 ಜನರನ್ನ ತಗೊಂಡು, ಅದೇ ಏರಿಯಾದ, ಅದೇ ವಯಸ್ಸಿನ, ಬದುಕಿರೋ 2,916 ಜನರ ಜೊತೆ ಹೋಲಿಸಿದ್ರು, ಗಂಡಸಿಗೆ ಗಂಡಸು ಹೆಂಗಸಿಗೆ ಹೆಂಗಸು. ಲಸಿಕೇನೇ ಕಾರಣ ಆಗಿದ್ರೆ ತೀರ್ಕೊಂಡೋರಲ್ಲಿ ಹಾಕ್ಸ್ಕೊಂಡೋರು ಜಾಸ್ತಿ ಕಾಣ್ಬೇಕಿತ್ತು, ಕಾಣ್ಲಿಲ್ಲ, ಎರಡು ಡೋಸ್ ಆದೋರಿಗೆ ಅಪಾಯ ಕಮ್ಮೀನೇ ಇತ್ತು. ಜಾಸ್ತಿ ಇದ್ದಿದ್ದು ಕೋವಿಡ್ ಬಂದು ಆಸ್ಪತ್ರೆ ಸೇರಿದ್ದೋರಿಗೆ, ಮನೇಲಿ ಮುಂಚೆ ಯಾರಾದ್ರೂ ಹಿಂಗೇ ದಿಢೀರ್ ಹೋಗಿದ್ದೋರಿಗೆ, ಹಿಂದಿನ ಎರಡು ದಿನದಲ್ಲಿ ವಿಪರೀತ ಕುಡಿದಿದ್ದೋರಿಗೆ.

ಆದ್ರೆ ನಂಬಿಕೆ ಹಾಳ್ ಮಾಡಿದ್ದು ಯಾರು ಅಂದ್ರೆ ಮಾತಾಡ್ದೋರೇ. ಜುಲೈ 1ಕ್ಕೆ ಸಿಎಂ ಸಿದ್ದರಾಮಯ್ಯನೋರು ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟಿದ್ದೂ ಕಾರಣ ಇರಬಹುದು ಅಂದ್ರು, ಮಾರನೇ ದಿನ ಕೇಂದ್ರ ಆರೋಗ್ಯ ಇಲಾಖೆ ಸಂಬಂಧಾನೇ ಇಲ್ಲ ಅಂತು, ಆಮೇಲೆ ಜಯದೇವ ಹೃದ್ರೋಗ ಆಸ್ಪತ್ರೆಯ ಡಾ. ಕೆ.ಎಸ್. ರವೀಂದ್ರನಾಥ್ ಅವ್ರ ತಂಡ, ಅದೇ ನೀವ್ ಕೇಳಿದ ಸಮಿತಿ, ಹಾಸನದ 24 ಸಾವು ನೋಡಿ, ಅದ್ರಲ್ಲಿ 20 ಹೃದಯಕ್ಕೆ ಸಂಬಂಧಪಟ್ಟಿದ್ದು, ಉಳಿದಿದ್ದಕ್ಕೆ ಬೇರೆ ಕಾರಣ ಅಂತು. ವರದಿ ಕೈಗೆ ಬರೋ ಮುಂಚೆ ದೊಡ್ಡ ಜಾಗದಲ್ಲಿರೋರು ಹಂಗೆ ಹೇಳ್ಬಾರ್ದಿತ್ತು ಕಣ್ರೀ, ಜನರ ತಲೇಲಿ ಉಳ್ಕೊಂಡಿರೋದು ಮೊದಲ್ನೇ ಮಾತು ಮಾತ್ರ.

ನಂಗೆ ಸಿಟ್ಟು ಬರೋದು ಇನ್ನೊಂದಕ್ಕೆ. 2024ರಲ್ಲಿ ಆಸ್ಟ್ರಾಜೆನೆಕಾ ಕಂಪನಿ, ಅಂದ್ರೆ ನಮ್ಮಲ್ಲಿ ಕೋವಿಶೀಲ್ಡ್ ಅನ್ನೋ ಹೆಸ್ರಲ್ಲಿ ಬಂದ ಲಸಿಕೆಯ ಮೂಲ ಕಂಪನಿ, ಬ್ರಿಟನ್ ಕೋರ್ಟಲ್ಲಿ, ತೀರಾ ಅಪರೂಪಕ್ಕೆ ಈ ಲಸಿಕೆಯಿಂದ ರಕ್ತ ಹೆಪ್ಪುಗಟ್ಟಬಹುದು ಅಂತ ಒಪ್ಕೊಂಡಿದೆ ಅಂತ ಸುದ್ದಿ ಬಂದಾಗ, ನೋಡಿ ಮುಚ್ಚಿಟ್ಟಿದ್ರು ಅಂದ್ರು ಎಲ್ಲಾ. ಆದ್ರೆ 2021ರ ಮೇ ತಿಂಗಳಲ್ಲೇ ನಮ್ಮ ರಾಷ್ಟ್ರೀಯ ಎಇಎಫ್‌ಐ ಸಮಿತಿ, ಅಂದ್ರೆ ಲಸಿಕೆ ಆದ್ಮೇಲಿನ ತೊಂದರೆ ಪರಿಶೀಲಿಸೋರು, 498 ಗಂಭೀರ ಕೇಸ್ ನೋಡಿ 26ರಲ್ಲಿ ಹೆಪ್ಪುಗಟ್ಟಿರೋ ಸಾಧ್ಯತೆ ಇದೆ, ಕೋವಿಶೀಲ್ಡ್‌ನಲ್ಲಿ ಹತ್ತು ಲಕ್ಷ ಡೋಸ್‌ಗೆ 0.61 ಅಂತ ಹೇಳಿದ್ರು. 20 ದಿನದೊಳಗೆ ಎದೆನೋವು, ಉಸಿರಾಟದ ತೊಂದರೆ, ಕಾಲು ಊತ ಬಂದ್ರೆ ಆಸ್ಪತ್ರೆಗೆ ಹೋಗಿ ಅಂತಾನೂ ಇತ್ತು. ನನ್ ಅಂಗಡಿಗೆ ಬಂದೋರಲ್ಲಿ ಒಬ್ರಿಗೂ ಇದು ಗೊತ್ತಿರ್ಲಿಲ್ಲ, ಜ್ವರ ಬಂದ್ರೆ ನುಂಗಿ ಅಂತ ಪ್ಯಾರಸಿಟಮಾಲ್ ಕೊಟ್ಟು ಕಳಿಸಿದ್ರು ಅಷ್ಟೇ. ನಿಜ ಹೇಳಿದ್ರು, ಆದ್ರೆ ಡೆಲ್ಲೀಲಿ ಹೇಳಿದ್ರು, ಇಂಗ್ಲಿಷಲ್ಲಿ ಹೇಳಿದ್ರು.

ತನಿಖೆ ಅಂದ್ರೆ ಬರೀ ಮುಚ್ಚಿಹಾಕೋದು ಅನ್ನೋದನ್ನೂ ನಾನ್ ಒಪ್ಪಲ್ಲ. 2022ರ ಜನವರೀಲಿ ಬೆಳಗಾವಿ ಜಿಲ್ಲೆ ರಾಮದುರ್ಗ ತಾಲೂಕಲ್ಲಿ ದಡಾರ ರುಬೆಲ್ಲಾ ಲಸಿಕೆ ಆದ್ಮೇಲೆ ಮೂರು ಕಂದಮ್ಮಗಳು ಹೋದ್ವು, ಬಾಟ್ಲಿಯನ್ನ ಹೋಟೆಲ್ ಫ್ರಿಡ್ಜಲ್ಲಿ ಇಟ್ಟಿದ್ರು ಅನ್ನೋದು ಹೊರಗೆ ಬಂದಿದ್ದು ಇಲಾಖೆ ತನಿಖೇಲೇ.

ನಿಮ್ ಮನೇಲಿ ಯಾರಿಗಾದ್ರೂ ಲಸಿಕೆ ಆದ್ಮೇಲೆ ತೊಂದರೆ ಆಗಿದ್ರೆ ಪಿಎಚ್‌ಸಿ ಡಾಕ್ಟ್ರಿಗೆ ಹೇಳಿ ಎಇಎಫ್‌ಐ ಕೇಸ್ ಅಂತ ದಾಖಲು ಮಾಡ್ಸಿ, ಜಿಲ್ಲಾ ಮಟ್ಟದಲ್ಲೂ ಸಮಿತಿ ಇರುತ್ತೆ, ಕೊನೆಗೆ ಏನ್ ತೀರ್ಮಾನ ಆಯ್ತು ಅಂತ ಬರವಣಿಗೇಲಿ ಕೇಳಿ. ಜನ ತಾವೇ ದೂರು ದಾಖಲಿಸೋ ವ್ಯವಸ್ಥೆ ಇರ್ಬೇಕು, ವರದಿಗಳು ಎಲ್ರಿಗೂ ಸಿಗ್ಬೇಕು ಅಂತ 2022ರ ಮೇನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಅದಕ್ಕೇ ಕೇಳೋಕೆ ಹಿಂಜರೀಬೇಡಿ. ಇನ್ನೊಂದು, ವಯಸ್ಸಿನ ಹುಡುಗ ದಿಢೀರ್ ಹೋದಾಗ ದೇಹ ಕುಯ್ಯೋದು ಬೇಡ ಅಂತಾರೆ ನಮ್ ಕಡೆ, ಆ ಸಂಕಟ ನಂಗೂ ಅರ್ಥ ಆಗುತ್ತೆ, ಆದ್ರೆ ಪೋಸ್ಟ್‌ಮಾರ್ಟಂ ಆಗ್ದೆ ಇದ್ರೆ ಯಾವ ಸಮಿತಿ ಕೂತ್ರೂ ಊಹೆ ಮಾಡ್ಬೇಕಷ್ಟೆ, ದಯವಿಟ್ಟು ಒಪ್ಕೊಳ್ಳಿ.