ಹುಸಿಮಾತ್ರೆ ಕೊಟ್ಟವರು ಕ್ರೂರಿಗಳಲ್ಲ

ಹಾವೇರಿ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: ‘ಹತ್ತನೇ ಕ್ಲಾಸಿನ ಮಗಳಿಗೆ ಮೈಗ್ರೇನ್. ತಿಂಗಳಲ್ಲಿ 15 ದಿನವಾದರೂ ತಲೆನೋವು. ಡಾಕ್ಟರು ದಿನಾ ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಅಮೆರಿಕದಲ್ಲಿ ಇಂಥ ಮಕ್ಕಳಿಗೆ ಔಷಧಿ ಪರೀಕ್ಷೆಯ ಹೆಸರಲ್ಲಿ ಹುಸಿಮಾತ್ರೆ, ಅಂದರೆ ಔಷಧಿಯೇ ಇಲ್ಲದ ಮಾತ್ರೆ, ಕೊಟ್ಟರಂತೆ. ಕ್ರೌರ್ಯ ಅಲ್ವಾ? ದೊಡ್ಡವರ ಔಷಧಿ ಇದ್ದೇ ಇದೆಯಲ್ಲ?’

ನಿಮ್ಮ ಸಂಕಟ ಅರ್ಥವಾಗುತ್ತದೆ ತಾಯಿ. ಕಿಟಕಿ ಮುಚ್ಚಿ, ಹಣೆಗೆ ದುಪ್ಪಟ್ಟಾ ಬಿಗಿದು ಮಲಗಿದ ಮಗಳನ್ನು ನೋಡುತ್ತಾ ಕೂರುವುದು ಸುಲಭವಲ್ಲ. ಆದರೆ ನಿಮ್ಮ ಸಿಟ್ಟು ತಪ್ಪು ಜನರ ಮೇಲಿದೆ.

ಆ ಪರೀಕ್ಷೆಯ ಹೆಸರು ಚಾಂಪ್. 2017ರಲ್ಲಿ ಅದರ ಫಲಿತಾಂಶ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. 8ರಿಂದ 17 ವರ್ಷದ 361 ಮಕ್ಕಳು. ಕೆಲವರಿಗೆ ಅಮಿಟ್ರಿಪ್ಟಿಲಿನ್, ಕೆಲವರಿಗೆ ಟೋಪಿರಮೇಟ್ (ಎರಡೂ ದೊಡ್ಡವರಿಗೆ ಮೈಗ್ರೇನ್ ಬಾರದಂತೆ ಕೊಡುವ ಔಷಧಿಗಳು), ಉಳಿದವರಿಗೆ ಹುಸಿಮಾತ್ರೆ. ತಲೆನೋವಿನ ದಿನಗಳು ಅರ್ಧಕ್ಕರ್ಧ ಇಳಿದದ್ದು ಮೊದಲ ಗುಂಪಿನಲ್ಲಿ ಶೇ. 52 ಮಕ್ಕಳಿಗೆ, ಎರಡನೆಯದರಲ್ಲಿ ಶೇ. 55. ಹುಸಿಮಾತ್ರೆಯವರಲ್ಲಿ? ಶೇ. 61! ಮುಂದುವರಿಸಿ ಫಲವಿಲ್ಲ ಅಂತ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಟೋಪಿರಮೇಟ್ ನುಂಗಿದ ಶೇ. 31 ಮಕ್ಕಳಿಗೆ ಕೈಕಾಲು ಜುಮುಗುಟ್ಟುತ್ತಿತ್ತು. ಅಮಿಟ್ರಿಪ್ಟಿಲಿನ್‌ನವರಲ್ಲಿ ಶೇ. 30 ಮಕ್ಕಳಿಗೆ ಸುಸ್ತು. ಈಗ ಹೇಳಿ, ಯಾರಿಗೆ ಅನ್ಯಾಯವಾಯಿತು? ಹುಸಿಮಾತ್ರೆಯ ಗುಂಪು ಇಲ್ಲದಿದ್ದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಸುಧಾರಿಸಿದ್ದು ಔಷಧಿಯಿಂದಲೇ ಅಂತ ಎಲ್ಲರೂ ನಂಬಿಬಿಡುತ್ತಿದ್ದರು.

ಹಾಗಂತ ಔಷಧಿ ಯಾರಿಗೂ ಬೇಡ ಅಂತಲ್ಲ. ಕೆಲವು ಮಕ್ಕಳಿಗೆ ಬೇಕಾಗುತ್ತದೆ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಲೇಬೇಡಿ.

‘ಹುಸಿಮಾತ್ರೆಗೇ ಇಳಿಯಿತು ಅಂದರೆ ನೋವೇ ಹುಸಿ’ ಅನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಿವಿಗೆ ಹಾಕಿಕೊಳ್ಳಬೇಡಿ. ನೋವು ನಿಜ. ಗುಣವಾಗಲು ಮಾತ್ರೆಯೊಂದೇ ದಾರಿಯಲ್ಲ, ಅಷ್ಟೇ. 2013ರಲ್ಲಿ ಅಚ್ಚಾದ ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲಿ, ನಿಮ್ಮ ಮಗಳ ಹಾಗೆಯೇ ತಿಂಗಳಲ್ಲಿ 15 ದಿನವಾದರೂ ನರಳುವ 135 ಮಕ್ಕಳನ್ನು ನೋಡಿದರು. ಎಲ್ಲರಿಗೂ ಅಮಿಟ್ರಿಪ್ಟಿಲಿನ್ ಕೊಟ್ಟರು. ಒಂದು ಗುಂಪಿಗೆ ತಲೆನೋವಿನ ಬಗ್ಗೆ ತಿಳಿವಳಿಕೆ, ಇನ್ನೊಂದಕ್ಕೆ ನೋವನ್ನು ನಿಭಾಯಿಸುವ ತರಬೇತಿ. ತರಬೇತಿ ಪಡೆದವರಲ್ಲಿ ಶೇ. 66 ಮಕ್ಕಳಿಗೆ ನೋವಿನ ದಿನಗಳು ಅರ್ಧವಾದವು. ತಿಳಿವಳಿಕೆಯ ಗುಂಪಿನಲ್ಲಿ ಶೇ. 36 ಮಾತ್ರ.

ಅಂಥ ತರಬೇತಿಗೆ ನಮ್ಮ ತಾಲ್ಲೂಕುಗಳಲ್ಲಿ ಎಲ್ಲಿ ಹೋಗಬೇಕು? ಬೆಳಗಾಗುವ ಮೊದಲೇ ಟ್ಯೂಷನ್, ತಿಂಡಿ ಬಿಟ್ಟು ಸ್ಕೂಲು, ರಾತ್ರಿಯೆಲ್ಲ ಓದು. ನಿದ್ದೆಗೆಟ್ಟರೆ, ಹೊಟ್ಟೆಗೆ ಬಿಟ್ಟರೆ ಮೈಗ್ರೇನ್ ಕೆರಳುತ್ತದೆ. ಆಮೇಲೆ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ದಿನಾ ನುಂಗಿಸುತ್ತೇವೆ. ಅತಿಯಾದರೆ ಆ ಗುಳಿಗೆಯೇ ತಲೆನೋವು ತರುತ್ತದೆ. ಪರೀಕ್ಷೆಯಿಲ್ಲದ ಈ ಪ್ರಯೋಗ ನಮ್ಮ ಮನೆಮನೆಯಲ್ಲೂ ನಡೆದಿದೆ. ಯಾರೂ ಅದರ ಬಗ್ಗೆ ಪತ್ರಿಕೆಗೆ ಬರೆಯುವುದಿಲ್ಲ.

ಇವತ್ತಿನಿಂದಲೇ ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನ, ನಿದ್ದೆ, ನುಂಗಿದ ಮಾತ್ರೆ ಗುರುತು ಹಾಕಿಡಿ. ಮುಂದಿನ ಸಲ ಡಾಕ್ಟರ ಮುಂದೆ ಆ ಹಾಳೆಯನ್ನೇ ಇಡಿ.